ಹಸುವಿಗೆ ಥರ್ಮಾಮೀಟರ್ ಇಟ್ಟರೆ ಬೆದೆ ಗೊತ್ತಾಗುತ್ತದೆಯೇ?

ಮಾನ್ಯ ಸಂಪಾದಕರಿಗೆ,

ಯುಗಾದಿ ಮುಗಿದ ವಾರ ಜಗಳೂರು ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಬೆಂಗಳೂರಿನ ಕೆಲಸ ಬಿಟ್ಟು ಬಂದು ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಕಟ್ಟಿದ್ದಾನೆ. "ಸರ್, ಆಕಳು ಶಾಖದಾಗೈತೋ ಇಲ್ಲೋ ಹೆಂಗ್ ಗೊತ್ತಾಗ್ತತಿ? ಥರ್ಮಾಮೀಟರ್ ಇಟ್ರೆ ನೂರಾ ಒಂದೂವರೆ ತೋರಸ್ತೈತಿ." ಅದು ಹಸುವಿನ ಸಹಜ ಮೈಕಾವು ಮಾರಾಯ ಎಂದೆ. ಆಮೇಲೆ ವಿಷಯ ತಿಳಿಯಿತು. ಹೈನುಗಾರಿಕೆಯ ಯಾವುದೋ ಇಂಗ್ಲಿಷ್ ಬರಹವನ್ನು ಮೊಬೈಲಿನಲ್ಲೇ ಕನ್ನಡ ಮಾಡಿಕೊಂಡು ಓದಿದ್ದಾನೆ. "ಹಸು ಶಾಖದಲ್ಲಿರುವಾಗ ಗರ್ಭಧಾರಣೆ ಮಾಡಿಸಿ" ಎಂದಿತ್ತಂತೆ. ಅದು ಹೇಳಹೊರಟದ್ದು ಬೆದೆ, ಅಂದರೆ ಹಸು ಗಬ್ಬ ಕಟ್ಟಲು ಹೋರಿ ಬಯಸುವ ಹೊತ್ತು. ಇಂಗ್ಲಿಷಿನಲ್ಲಿ ಅದಕ್ಕೂ 'ಹೀಟ್' ಎನ್ನುತ್ತಾರೆ.

ಎರಡು ದಿನದ ಹಿಂದೆಯೇ ಹಸು ಸಂಜೆಯಿಂದ ಒಂದೇ ಸಮನೆ ಕೂಗಿದೆ, ಮೇವು ಬಿಟ್ಟಿದೆ, ಪದೇ ಪದೇ ಗಂಜಲ ಹಾಕಿದೆ, ಹಿಂದಿನಿಂದ ಗಾಜಿನಂಥ ಲೋಳೆ ಬಾಲಕ್ಕೆ ಅಂಟಿ ಜೋತಾಡಿದೆ. ಮನೆಯಲ್ಲಿದ್ದ ಅಜ್ಜಿ "ಬೆದಿಗೆ ಬಂದೈತಿ" ಎಂದರೂ ಇವನು ಕೇಳಲಿಲ್ಲ. ಬಿಸಿಲಿಗೆ ಮೈ ಕಾದಿದೆ ಎಂದು ಎರಡು ಕೊಡ ತಣ್ಣೀರು ಹೊಯ್ದು ನೆರಳಿಗೆ ಕಟ್ಟಿದ. ಬೆದೆ ನಿಲ್ಲುವುದೇ ಹನ್ನೆರಡು–ಹದಿನೆಂಟು ಗಂಟೆ. ಸಂಜೆ ಕಂಡರೆ ಮರುದಿನ ಬೆಳಿಗ್ಗೆ, ಬೆಳಿಗ್ಗೆ ಕಂಡರೆ ಅವತ್ತೇ ಸಂಜೆ ಸೂಜಿ, ಅಂದರೆ ಕೃತಕ ಗರ್ಭಧಾರಣೆ, ಹಾಕಿಸಬೇಕು. ತಪ್ಪಿತೋ, ಇನ್ನು 21 ದಿನ ಬರೀ ಮೇವಿನ ಖರ್ಚು.

ತಪ್ಪು ಪೂರ್ತಿ ಮೊಬೈಲಿನದಲ್ಲ. ಇಂಗ್ಲಿಷಿನವರು 'ಹೀಟ್' ಎಂಬ ಒಂದೇ ಪದವನ್ನು ಎತ್ತಿನಂತೆ ದುಡಿಸುತ್ತಾರೆ. ಕಬ್ಬಿಣವನ್ನು ಒಮ್ಮೆ ಕುಲುಮೆಗಿಟ್ಟು ಕಾಯಿಸುವುದು ಒಂದು ಹೀಟ್. ಓಟದ ಪಂದ್ಯದ ಒಂದು ಸುತ್ತೂ ಹೀಟ್. ನಿಮ್ಮ ಕ್ರೀಡಾಪುಟದಲ್ಲಿ ಬರುವ 'ಹೀಟ್ಸ್' ಅದೇ. ಅಮೆರಿಕದ ಆಡುಮಾತಿನಲ್ಲಿ ಪೊಲೀಸರೂ ಹೀಟ್. ಮೆಣಸಿನಕಾಯಿಯ ಖಾರವೂ ಹೀಟ್! ಇದನ್ನು ಮಾತ್ರ ನಾನು ಒಪ್ಪುತ್ತೇನೆ. ನಾಲಿಗೆಯಲ್ಲಿ ಬಿಸಿ ಹೇಳುವ ನರವನ್ನೇ ಖಾರವೂ ಕೆಣಕುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ನಮ್ಮೂರಲ್ಲಿ ಮಂಡಕ್ಕಿ ಜೊತೆ ಬಿಸಿ ಮೆಣಸಿನಕಾಯಿ ಕಚ್ಚಿ ಕಣ್ಣೀರು ಹಾಕಿದವರಿಗೆ ಈ ವಿಜ್ಞಾನ ಬಾಯಲ್ಲೇ ಗೊತ್ತು.

ನಮ್ಮಲ್ಲಿ ಒಂದೊಂದಕ್ಕೂ ಒಂದೊಂದು ಪದ ಇದೆ. ಮಂಡಕ್ಕಿ ಭಟ್ಟಿಯ ಮುಂದೆ ನಿಂತರೆ ಮುಖಕ್ಕೆ ಹೊಡೆಯುವುದು ಝಳ. ಏಪ್ರಿಲ್ ರಾತ್ರಿ ಕರೆಂಟ್ ಹೋದಾಗ ಹಾಸಿಗೆಯಿಂದ ಏಳಿಸುವುದು ಧಗೆ. ಕೋಳಿ ಕೂರುವುದು ಕಾವಿಗೆ, ಅದಕ್ಕೂ 21 ದಿನವೇ. ಪಪ್ಪಾಯಿ ತಿಂದರೆ ಉಷ್ಣ. ದನಕ್ಕೆ ಬರುವುದು ಬೆದೆ. ಬೇಸಿಗೆಯ ತಾಪಕ್ಕೆ ಹಸುಗಳಲ್ಲಿ ಬೆದೆ ಲಕ್ಷಣ ಮಂಕಾಗುತ್ತದೆ, ಎಮ್ಮೆಗಳಲ್ಲಂತೂ ಕೂಗೂ ಇಲ್ಲದ ಮೂಕ ಬೆದೆ. ಇದನ್ನು ಆ ಮೊಬೈಲ್ ಕನ್ನಡದಲ್ಲಿ ಬರೆದರೆ "ಶಾಖದಿಂದ ಶಾಖ ಕಡಿಮೆಯಾಗುತ್ತದೆ" ಎಂದಾಗಬಹುದು.

ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಸರ್ವಿಸಿನಲ್ಲಿದ್ದಷ್ಟು ದಿನ ರಿಜಿಸ್ಟರಿನಲ್ಲಿ 'ಹೀಟ್' ಎಂದೇ ಬರೆದೆ. ಹಾಲಿನ ಡೈರಿಯಲ್ಲಿ ಹೆಣ್ಣುಮಕ್ಕಳ ಮುಂದೆ ಬೆದೆ ಎನ್ನಲು ನಾಚಿಕೆ. "ಹೀಟಿಗೆ ಬಂದೈತೇನವ್ವಾ" ಎಂದು ಕೇಳುತ್ತಿದ್ದೆ. ಅವರು ಮಾತ್ರ ಯಾವ ನಾಚಿಕೆಯೂ ಇಲ್ಲದೆ "ಹೂನ್ರೀ, ಬೆದಿಗೆ ಬಂದೈತಿ" ಎನ್ನುತ್ತಿದ್ದರು. ಕೊನೆಕೊನೆಗೆ ಅವರೂ ಹೀಟ್ ಎನ್ನತೊಡಗಿದರು. ನಿಮ್ಮ ಕೃಷಿ ಪುಟದಲ್ಲೂ 'ಹೀಟ್‌ಗೆ ಬಂದ ಹಸು' ಎಂದು ಎರಡು ಸಲ ಓದಿದ್ದೇನೆ. ದಯವಿಟ್ಟು ಬೆದೆ ಎಂದೇ ಅಚ್ಚು ಹಾಕಿ. ಅದೇನೂ ಕೆಟ್ಟ ಮಾತಲ್ಲ.

ಅಂದಹಾಗೆ, ಆ ಅಜ್ಜಿ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು ಎಣಿಸಿದರಂತೆ. ಇಪ್ಪತ್ತನೇ ಗೆರೆಗೆ ಹಸು ಕೂಗಿತು. ಹುಡುಗ ಈ ಸಲ ಬೆಳಿಗ್ಗೆಯೇ ಫೋನ್ ಮಾಡಿದ, ಸಂಜೆ ಸೂಜಿ ಆಯಿತು. ಗಬ್ಬ ಕಟ್ಟಿದೆಯೋ ಇಲ್ಲವೋ, ಮೂರು ತಿಂಗಳಿಗೆ ಕೈಹಾಕಿ ನೋಡಿದರೆ ತಿಳಿದೀತು.

— ನಿವೃತ್ತ ಪಶು ವೈದ್ಯಕೀಯ ಪರೀಕ್ಷಕ, ದಾವಣಗೆರೆ