ಮಕ್ಕಳ ಬೈಕಿಗೆ ರಸ್ತೆ ಬೇಡ, ನಾಲ್ಕೈದು ಎಕರೆ ಕೆಂಪು ಮಸಾರಿ ನೆಲ ಸಾಕು

ಮಾನ್ಯ ಸಂಪಾದಕರೇ,

ಬಳ್ಳಾರಿಯ ರಸ್ತೆಗಳಲ್ಲಿ ಹುಡುಗರ ವ್ಹೀಲಿಂಗ್ ಹಾವಳಿ ಬಗ್ಗೆ ಹೋದ ವಾರ ಈ ಅಂಕಣದಲ್ಲಿ ಓದುಗರೊಬ್ಬರು ಬರೆದಿದ್ದರು. ಕೊನೆಯಲ್ಲಿ, ಸಣ್ಣ ಹೆಣ್ಣುಮಗುವಿನ ಕೈಗೂ ಬೈಕ್ ಕೊಡುವಂಥ ತಂದೆತಾಯಿ ಈಗ ನಮ್ಮೂರಿಗೆ ಬಂದಿದ್ದಾರೆ ಎಂಬ ಮಾತೂ ಇತ್ತು. ಆ ತಾಯಿ ನಾನೇ. ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಹದಿಮೂರು. ವ್ಹೀಲಿಂಗ್ ಬಗ್ಗೆ ಅವರು ಬರೆದದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ನಮ್ಮ ಬಗ್ಗೆ ಬರೆದದ್ದಕ್ಕೆ ಮಾತ್ರ ಉತ್ತರ ಹೇಳಬೇಕಾಗಿದೆ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಮದುವೆಯಾದ ಮೇಲೆ ಹದಿನೈದು ವರ್ಷ ಪುಣೆಯಲ್ಲಿದ್ದೆ. ಯಜಮಾನರು ಮರಾಠಿಯವರು, ಪುಣೆ ಬಳಿಯ ಚಾಕಣದಲ್ಲಿ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ, ರಜೆ ಸಿಕ್ಕರೆ ಮೋಟೋಕ್ರಾಸ್, ಅಂದರೆ ದಿಬ್ಬ ತಿರುವುಗಳ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ರೇಸ್. ಮಕ್ಕಳಿಬ್ಬರೂ ಟ್ರ್ಯಾಕಿನ ಬದಿಯ ಡೇರೆಯಲ್ಲೇ ಬೆಳೆದರು. ಅಪ್ಪ ತೀರಿಕೊಂಡು ಅಮ್ಮ ಒಬ್ಬಳೇ ಆದಾಗ, ಇವರು ಬಳ್ಳಾರಿ ಬಳಿಯ ತೋರಣಗಲ್ಲಿನಲ್ಲಿ ಕೆಲಸ ಹುಡುಕಿಕೊಂಡರು. ಹೋದ ಜೂನ್‌ನಲ್ಲಿ ಸೊಲ್ಲಾಪುರ, ವಿಜಯಪುರ, ಇಳಕಲ್, ಹೊಸಪೇಟೆ ದಾಟಿ ನಮ್ಮ ಲಾರಿ ಬಂತು. ಫ್ರಿಜ್ಜು ಮಂಚಗಳ ನಡುವೆ ಹಗ್ಗ ಬಿಗಿದ ಮೂರು ಬೈಕು. ಅವನ್ನು ಇಳಿಸುವಾಗ ಓಣಿಯವರೆಲ್ಲ ಸೇರಿದ್ದರು.

ಇವು ರಸ್ತೆಯ ಬೈಕುಗಳಲ್ಲ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ನಂಬರ್ ಪ್ಲೇಟೂ ಇಲ್ಲ. ಆರ್‌ಟಿಒದಲ್ಲಿ ನೋಂದಣಿ ಆಗುವಂಥವೂ ಅಲ್ಲ. ಮಗಳದು 50 ಸಿಸಿ, ಮಗನದು 85 ಸಿಸಿ, ಎರಡೂ ಸೆಕೆಂಡ್ ಹ್ಯಾಂಡ್. ಮನೆಯಿಂದ ಹೊಲದವರೆಗೆ ಅವು ಬಾಡಿಗೆ ಟಾಟಾ ಏಸ್ ಮೇಲೆಯೇ ಹೋಗಬೇಕು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಂ ನಮ್ಮ ಮನೆಯಲ್ಲಿ ಮಕ್ಕಳಿಗೂ ಬಾಯಿಪಾಠ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಹೆತ್ತವರಿಗೋ ವಾಹನದ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೂ ಲೈಸೆನ್ಸ್ ಸಿಗದು. ಈ ಕಾನೂನು ಇರಬೇಕಾದದ್ದೇ. ನನ್ನ ಮಗ ಒಂದು ದಿನವೂ ರಸ್ತೆಯಲ್ಲಿ ಗಾಡಿ ಓಡಿಸಿಲ್ಲ.

ಒಂದು ತಪ್ಪು ನಮ್ಮಿಂದ ಆಗಿದೆ. ಬಂದ ಹೊಸದರಲ್ಲಿ ಕಾರ್ಬೊರೇಟರ್ ಸರಿಮಾಡಲೆಂದು ಸಂಜೆ ಮನೆ ಮುಂದೆಯೇ ಇಂಜಿನ್ ಚಾಲೂ ಮಾಡಿದೆವು. ಟೂ ಸ್ಟ್ರೋಕ್ ಸದ್ದು ಇಕ್ಕಟ್ಟಿನ ಓಣಿಯಲ್ಲಿ ಎಷ್ಟು ಜೋರಾಗಿ ಕೇಳುತ್ತದೆ ಎಂಬುದು ನಮಗೆ ಹೊಳೆಯಲಿಲ್ಲ. ಎದುರುಮನೆಯ ಹಿರಿಯರು ಹೃದಯದ ಕಾಯಿಲೆಯವರು. ಅವರ ಮಗ ಬಂದು, 'ಅಕ್ಕಾ, ನಮ್ಮಪ್ಪ ಬೆಚ್ಚಿಬಿದ್ದು ಎದ್ದ ನೋಡ್ರಿ' ಎಂದಾಗ ನಾನೇ ಹೋಗಿ ಕ್ಷಮೆ ಕೇಳಿದೆ. ಅಂದಿನಿಂದ ಓಣಿಯಲ್ಲಿ ಇಂಜಿನ್ ಚಾಲೂ ಮಾಡಿಲ್ಲ. ಈಗ ಆ ಹಿರಿಯರೇ ಮಗಳನ್ನು ಕರೆದು ಕನ್ನಡ ಕಾಗುಣಿತ ತಿದ್ದಿಸುತ್ತಾರೆ.

ಊರು ನಮ್ಮನ್ನು ತನ್ನವರನ್ನಾಗಿ ಮಾಡಿಕೊಂಡ ಬಗೆಯನ್ನೂ ಬರೆಯಬೇಕು. ಅದಿರು ಲಾರಿಗಳ ಊರಾದ್ದರಿಂದ ಇಲ್ಲಿ ಲೇತ್ ಮತ್ತು ವೆಲ್ಡಿಂಗ್ ಕೆಲಸದವರ ಕೈ ಬಹಳ ಪಳಗಿದೆ. ಮುರಿದ ಅಲ್ಯೂಮಿನಿಯಂ ಬ್ರಾಕೆಟ್ಟನ್ನು ಇಲ್ಲಿನ ಮಿಸ್ತ್ರಿಯೊಬ್ಬರು ಅರ್ಧ ಗಂಟೆಯಲ್ಲಿ ಬೆಸೆದುಕೊಟ್ಟರು. ಮಗಳ ಅಳತೆಯ ರೇಸಿಂಗ್ ಪ್ಯಾಂಟ್ ಎಲ್ಲೂ ಸಿಗುತ್ತಿರಲಿಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಹೆಣ್ಣುಮಗಳೊಬ್ಬಳು ದಪ್ಪ ಡೆನಿಮ್‌ನಲ್ಲಿ, ಒಳಗೆ ಮೊಣಕಾಲು ಗಾರ್ಡ್ ಹಿಡಿಸುವಷ್ಟು ಸಡಿಲ ಬಿಟ್ಟು, ಹಿಂಬದಿಗೆ ಎಲಾಸ್ಟಿಕ್ ಕೊಟ್ಟು ಹೊಲಿದಳು. ಪುಣೆಯಲ್ಲಿ ದುಬಾರಿ ಬೆಲೆಗೆ ಕೊಂಡ ಪ್ಯಾಂಟಿಗಿಂತ ಇದೇ ಬಾಳಿಕೆ ಬಂದಿದೆ. ಪೆಟ್ರೋಲ್ ಬಂಕಿನಲ್ಲಿ ಮಾತ್ರ ಕ್ಯಾನಿಗೆ ಹಾಕುವುದಿಲ್ಲ ಎಂದರು. ಅದೂ ಸರಿಯೇ. ಹಾಗಾಗಿ ಏಸ್ ಮೇಲೆ ನಿಂತ ಬೈಕಿನ ಟ್ಯಾಂಕಿಗೇ, ಲೀಟರಿಗೆ 25 ಮಿ.ಲೀ. ಲೆಕ್ಕದಲ್ಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಿ ತುಂಬಿಸುತ್ತೇವೆ. ಬಂಕಿನ ಹುಡುಗ ಈಗ ನಮ್ಮನ್ನು ಕಂಡರೆ ತಾನೇ ಅಳತೆಯ ಕಪ್ಪು ಹಿಡಿದು ಬರುತ್ತಾನೆ.

ನೆಲ ಸಿಕ್ಕಿದ್ದು ಎಲ್ಲಕ್ಕಿಂತ ತಡವಾಗಿ. ಎರೆಹೊಲ, ಅಂದರೆ ಕಪ್ಪುಮಣ್ಣಿನ ಹೊಲ, ಆಗದು. ಮಳೆ ಬಂದರೆ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಅಂಟು ಮೆತ್ತಿಕೊಂಡು ಗಾಲಿಯೇ ತಿರುಗದು, ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಚಕ್ರ ಸಿಕ್ಕಿದರೆ ಮೂಳೆ ಮುರಿಯುತ್ತದೆ. ಸಂಗನಕಲ್ಲಿನ ಗುಡ್ಡಗಳ ಬುಡದಲ್ಲಿ ಓಡಿಸಿ ಎಂದು ಕೆಲವರು ಹೇಳಿದರು. ಅದಂತೂ ಬೇಡವೇ ಬೇಡ. ನವಶಿಲಾಯುಗದ ಜನ ಬಾಳಿದ ಜಾಗ, ತಟ್ಟಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿರುವ ಜಾಗ ಅದು. ಕಲ್ಲುಗಣಿಯಿಂದ ಅದಕ್ಕೆ ಆದ ಗಾಯವೇ ಸಾಕಷ್ಟಿದೆ. ಕೊನೆಗೆ ಊರಾಚೆಯ ರೈತರೊಬ್ಬರು ತಮ್ಮ ಬೀಳು ಬಿದ್ದ ಮಸಾರಿ ಹೊಲ ತೋರಿಸಿದರು. 'ಮಳಿ ಬೀಳೋವರ್ಗೂ ಓಡಿಸ್ಕಳ್ರಿ ಯಮ್ಮಾ. ಈ ಸಲ ಶೇಂಗಾ ಹಾಕಬೇಕಂತ ಮಾಡೀನಿ, ಬಿತ್ತೋ ಹೊತ್ತಿಗೆ ಮಾತ್ರ ಬಿಟ್ಟುಕೊಡ್ರಿ' ಎಂದರು. ಬಾಡಿಗೆ ಕೊಡಲು ಹೋದರೆ ಮುಟ್ಟಲಿಲ್ಲ.

ಅಲ್ಲಿ ಗುದ್ದಲಿ ಹಿಡಿದು ಮಣ್ಣು ಏರಿಸಿದವರು ನಾವೇ. ಮೊದಲು ಕಟ್ಟಿದ್ದು ಟೇಬಲ್‌ಟಾಪ್, ಅಂದರೆ ತಲೆ ಸಪಾಟಾದ ದಿಬ್ಬ. ಹಾರಿದ್ದು ಸಾಲದೇ ಹೋದರೂ ಮಗು ಆ ಸಪಾಟಿನ ಮೇಲೆಯೇ ಇಳಿಯುತ್ತದೆ. ಎರಡು ದಿಬ್ಬಗಳ ನಡುವೆ ತಗ್ಗಿರುವ ಡಬಲ್ ಜಂಪನ್ನು ನಾವು ಕಟ್ಟಿಲ್ಲ, ಮಕ್ಕಳು ಎಷ್ಟು ಕೇಳಿದರೂ ಈಗಲೇ ಕಟ್ಟುವುದಿಲ್ಲ. ಹಳದಿ ಬಾವುಟ ಬೀಸಿದರೆ ಮುಂದೆ ಯಾರೋ ಬಿದ್ದಿದ್ದಾರೆ ಎಂದರ್ಥ, ಅಲ್ಲಿ ಹಾರುವಂತಿಲ್ಲ, ಮುಂದಿನವರನ್ನು ಹಿಂದಿಕ್ಕುವಂತಿಲ್ಲ. ಬೆಳಗ್ಗೆ ಆರಕ್ಕೆ ಶುರು ಮಾಡಿ ಎಂಟಕ್ಕೆ ಮುಗಿಸುತ್ತೇವೆ. ಏಪ್ರಿಲ್ ಬಿಸಿಲಲ್ಲಿ ಹೆಲ್ಮೆಟ್, ಎದೆಯ ಕವಚ, ಮೊಣಕಾಲವರೆಗಿನ ಬೂಟು ತೊಟ್ಟು ಅದಕ್ಕಿಂತ ಹೆಚ್ಚು ಹೊತ್ತು ಇರಲು ದೊಡ್ಡವರಿಂದಲೂ ಆಗದು. ಮನೆಗೆ ಬಂದ ಮೇಲೆ ಸ್ಪಂಜಿನ ಏರ್ ಫಿಲ್ಟರ್ ತೊಳೆದು, ಒಣಗಿಸಿ, ಎಣ್ಣೆ ಸವರುವುದು ಮಗಳ ಕೆಲಸ. ತೊಳೆದ ನೀರು ಕುಂಕುಮ ಕದಡಿದ ಹಾಗಿರುತ್ತದೆ. ಮೊದಲ ಸಲ ಅದನ್ನು ನೋಡಿದ ನಮ್ಮಮ್ಮ ರಕ್ತವೆಂದು ಹೆದರಿ ಕೂಗಿಕೊಂಡಳು.

ಅಪಾಯವೇ ಇಲ್ಲ ಎಂದರೆ ಸುಳ್ಳು ಹೇಳಿದ ಹಾಗಾಗುತ್ತದೆ. ಪುಣೆಯಲ್ಲಿ ಮಗನ ಕಾಲರ್ ಬೋನ್ ಮುರಿದಿತ್ತು. ಆರು ವಾರ ಅವನಿಗೆ ತುತ್ತು ಕೊಟ್ಟವಳು ನಾನು. ಆ ಆರು ವಾರದಲ್ಲಿ ನಿಲ್ಲಿಸಿಬಿಡೋಣ ಎಂದು ನೂರು ಸಲ ಅಂದುಕೊಂಡಿದ್ದೇನೆ. ಹೀಗೆ ಭಯಪಟ್ಟಿರುವುದರಿಂದಲೇ ಬಳ್ಳಾರಿಯ ಬೇರೆ ತಾಯಂದಿರ ಭಯವೂ ನನಗೆ ಅರ್ಥವಾಗುತ್ತದೆ.

ಜನವರಿಯಲ್ಲಿ ಹದಿನೇಳರ ಹುಡುಗನೊಬ್ಬ ಹೊಲದ ಬದುವಿನ ಮೇಲೆ ಬಂದು ನಿಂತ. ರಿಂಗ್ ರಸ್ತೆಯಲ್ಲಿ ವ್ಹೀಲಿಂಗ್ ಮಾಡಿ ಪೊಲೀಸರಿಂದ ಬೈಸಿಕೊಂಡವನು. ಮೂರು ಭಾನುವಾರ ಸುಮ್ಮನೆ ನೋಡಿಕೊಂಡು ಹೋದ. ನಾಲ್ಕನೆಯ ಸಲ ಅವನ ತಂದೆಯನ್ನು ಕರೆಸಿ, ಅವರ ಒಪ್ಪಿಗೆ ಬರೆಸಿಕೊಂಡು, ಯಜಮಾನರ ಕವಚ, ಹೆಲ್ಮೆಟ್ ತೊಡಿಸಿ ಬೈಕ್ ಕೊಟ್ಟೆವು. ಎರಡನೇ ತಿರುವಿನಲ್ಲೇ ಬಿದ್ದ. ಎದ್ದು ಬಂದು, 'ಆಂಟಿ, ನಿಮ್ಮ ಹುಡುಗಿ ಹೆಂಗ್ ತಿರುಗಸ್ತಾಳ ಇದನ್ನ?' ಎಂದು ಕೇಳಿದ. ಈಗ ಪ್ರತಿ ಭಾನುವಾರ ಬಂದು ಮೊದಲ ಒಂದು ಗಂಟೆ ಬಾವುಟ ಹಿಡಿಯುತ್ತಾನೆ, ಆಮೇಲೆ ಓಡಿಸುತ್ತಾನೆ. ರಸ್ತೆಯ ಆಟ ಬಿಟ್ಟಿದ್ದಾನೆ ಎಂದು ಅವನ ತಂದೆಯೇ ಹೇಳಿದರು. ಒಬ್ಬ ಹುಡುಗನನ್ನು ನೋಡಿ ಊರಿನ ಎಲ್ಲ ಹುಡುಗರ ಬಗ್ಗೆ ಹೇಳಲು ಬರುವುದಿಲ್ಲ, ನಿಜ. ಆದರೆ ಅವನಂಥ ಇನ್ನೂ ಆರು ಮಂದಿ ಈಗ ಬದುವಿನ ಮೇಲೆ ಬಂದು ನಿಲ್ಲುತ್ತಿದ್ದಾರೆ.

2015ರಲ್ಲಿ ಮರುಭೂಮಿ ದಾಟುವ ದೂರದ ರೇಸಾದ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರು. 2019ರಲ್ಲಿ ಎಫ್‌ಐಎಂ (ಅಂತರರಾಷ್ಟ್ರೀಯ ಬೈಕ್ ರೇಸ್ ಒಕ್ಕೂಟ) ನಡೆಸುವ ಬಾಜಾಸ್ ಎಂಬ ಕಚ್ಚಾ ನೆಲದ ರೇಸುಗಳ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದ ಐಶ್ವರ್ಯಾ ಪಿಸ್ಸೆಯೂ ಅದೇ ಊರಿನವರು. ಸಂತೋಷ್ ಅವರು ಕೋಲಾರದ ಬಳಿ ಡರ್ಟ್ ಪಾರ್ಕ್, ಅಂದರೆ ಮಣ್ಣಿನಲ್ಲಿ ಬೈಕ್ ಓಡಿಸಿ ಕಲಿಯುವ ಜಾಗ, ಕಟ್ಟಿದ್ದಾರೆ. ಬಳ್ಳಾರಿಯ ಮಗುವಿಗೆ ಅದು ಸುಮಾರು ಮುನ್ನೂರು ಕಿಲೋಮೀಟರ್ ದೂರ.

ಜಿಲ್ಲಾಡಳಿತ ಮತ್ತು ಯುವ ಸಬಲೀಕರಣ ಹಾಗೂ ಕ್ರೀಡಾ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ಊರಿಂದ, ಆಸ್ಪತ್ರೆಗಳಿಂದ ದೂರದಲ್ಲಿ, ಬೆಳೆ ಬಾರದ ನಾಲ್ಕೈದು ಎಕರೆ ಸರ್ಕಾರಿ ಮಸಾರಿ ನೆಲವನ್ನು ಗುತ್ತಿಗೆಗೆ ಕೊಡಿ. ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರಿಗೂ ಚಿಕಿತ್ಸೆಗೂ ಮೀಸಲಾದ ಖನಿಜ ನಿಧಿಯ ಒಂದು ರೂಪಾಯಿಯೂ ನಮಗೆ ಬೇಡ. ಜೆಸಿಬಿ ಬಾಡಿಗೆ, ದೂಳು ಅಡಗಿಸಲು ಟ್ಯಾಂಕರ್ ನೀರು, ಓಡಿಸುವ ದಿನ ಒಂದು ಆಂಬ್ಯುಲೆನ್ಸ್, ಇದರ ಖರ್ಚನ್ನು ನಾವು ಪೋಷಕರೇ ಕೂಡಿ ಹಾಕುತ್ತೇವೆ. ಹೆತ್ತವರ ಸಹಿ ಇಲ್ಲದೆ, ಕವಚವಿಲ್ಲದೆ ಯಾವ ಮಗುವೂ ಒಳಗೆ ಬರಬಾರದೆಂದು ನಿಯಮ ಮಾಡಿ. ಅದನ್ನು ಬಾಗಿಲಲ್ಲಿ ನಿಂತು ಕಾಯಲು ನಾನು ಸಿದ್ಧಳಿದ್ದೇನೆ.

ಪತ್ರ ಬರೆದ ಆ ಓದುಗರಿಗೂ ಒಂದು ಮಾತು. ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಬಂದು ನೋಡಿ. ಎಂಟಕ್ಕೆ ಹೊಲದಲ್ಲೇ ಒಗ್ಗರಣಿ ಮಿರ್ಚಿ ತಿಂದು ಹೋಗುವಿರಂತೆ. ಆದರೆ ಬೇಗ ಬನ್ನಿ. ಮೊದಲ ಹದಮಳೆ ಬಿದ್ದ ದಿನ ದಿಬ್ಬ ಕೆಡವಿ, ನೆಲ ಸಮ ಮಾಡಿ ಕೊಡುತ್ತೇವೆಂದು ಆ ರೈತರಿಗೆ ಮಾತು ಕೊಟ್ಟಿದ್ದೇವೆ.

ಇಂತಿ,
ಇಬ್ಬರು ಮಕ್ಕಳ ತಾಯಿ
ಕೌಲ್ ಬಜಾರ್, ಬಳ್ಳಾರಿ