ಸಿಪಾಯಿಗಳ ಹೆಂಡಂದಿರನ್ನೂ ನೆನೆಯಿರಿ

ಮಾನ್ಯರೇ,

ಅಮೆರಿಕದ ಗಡಿ ಬಯಲುಸೀಮೆಯ ಸೈನಿಕ ಪತ್ನಿಯರ ಕುರಿತ ಪುರವಣಿ ಲೇಖನವು ಅಧಿಕಾರಿಗಳ ಮಡದಿಯರಿಗಷ್ಟೇ ಸೀಮಿತವಾಗಿ, ಸಿಪಾಯಿಗಳ ಹೆಂಡಂದಿರನ್ನು ಕೈಬಿಟ್ಟಿದೆ. ಅಲ್ಲಿನ ಸೇನೆಯಲ್ಲಿ ಅಧಿಕಾರಿಯ ಪತ್ನಿಗೆ ನಿಯಮದ ಪ್ರಕಾರ ಯಾವ ಸ್ಥಾನವೂ ಇರಲಿಲ್ಲ. ಬಟ್ಟೆ ಒಗೆಯುವ ಹೆಂಗಸರಿಗೆ ಇತ್ತು. ಇವರಲ್ಲಿ ಅನೇಕರು ಸಿಪಾಯಿಗಳ ಹೆಂಡಂದಿರೇ. 1802ರ ಕಾಯ್ದೆಯಂತೆ ಕಂಪನಿಗೆ, ಅಂದರೆ ಒಂದು ಸೈನಿಕ ತುಕಡಿಗೆ, ಗರಿಷ್ಠ ನಾಲ್ವರು, ತಲೆಗೆ ದಿನಕ್ಕೊಂದು ಪಡಿತರ. ಒಗೆತದ ದರವನ್ನು ಸೇನಾ ಠಾಣೆಯ ಅಧಿಕಾರಿಗಳ ಮಂಡಳಿ ಗೊತ್ತುಮಾಡುತ್ತಿತ್ತು. ಸಿಪಾಯಿಗಳಿಗೆ ಸಂಬಳ ಬರುತ್ತಿದ್ದುದು ಎರಡು ತಿಂಗಳಿಗೊಮ್ಮೆ. ದೂರದ ಠಾಣೆಗಳಲ್ಲಿ ಇನ್ನೂ ತಡ. ಅಲ್ಲಿಯವರೆಗೆ ಒಗೆದದ್ದೆಲ್ಲ ಸಾಲದ ಲೆಕ್ಕ. ಗಂಡನಿಗೆ ತಿಂಗಳಿಗೆ 13 ಡಾಲರ್ ಇದ್ದ ಕಾಲದಲ್ಲಿ ಈ ದುಡಿಮೆಯೇ ಸಂಸಾರಕ್ಕೆ ಆಧಾರ. 1878ರಲ್ಲಿ ಈ ವ್ಯವಸ್ಥೆ ರದ್ದಾದಾಗ ಪಡಿತರದ ಹಕ್ಕೂ ಹೋಯಿತು.

ಇವರಲ್ಲಿ ದಿನಚರಿ ಬರೆದಿಟ್ಟವರು ತೀರ ವಿರಳ, ನಿಜ. ಆದರೆ 1870ರ ಜನಗಣತಿಯಲ್ಲಿ ಕೋಟೆಗಳ ಪಟ್ಟಿಯೊಳಗೆ ಅವರ ಹೆಸರು, ವಯಸ್ಸು, ಹುಟ್ಟಿದ ನಾಡು ದಾಖಲಾಗಿವೆ. ಅದನ್ನು ಆಧರಿಸಿ ಇನ್ನೊಂದು ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ಧಾರವಾಡ