ಅತ್ತೆಯ ಕಡತ ತೆರೆಸಿದವರಿಗೆ

ನಮ್ಮ ಸೋದರತ್ತೆಗೆ ವಿಧವಾ ವೇತನ ಮಂಜೂರಾಗಿದೆ. ಮೊದಲ ಕಂತು ಅಂಚೆ ಕಚೇರಿಯ ಖಾತೆಗೆ ಬಂದೂ ಆಯಿತು. ತಿಂಗಳಿಗೆ 800 ರೂಪಾಯಿ. ಅಷ್ಟಕ್ಕೆ ಇಷ್ಟೊಂದು ಓಡಾಟವಾ ಅಂತ ಕೇಳಿದವರಿದ್ದಾರೆ. ಅತ್ತೆ ಅವರಿಗೆಲ್ಲ ಒಂದೇ ಮಾತು ಹೇಳುತ್ತಾರೆ: "ಬಿಪಿ ಮಾತ್ರೆಗೆ ಮಗನ ಮುಂದೆ ನಿಂತು ನೋಡು, ಆಮೇಲೆ ಮಾತಾಡು."

ಈ 800 ರೂಪಾಯಿಯ ಹಿಂದೆ ತುಂಬಾ ಜನ ಇದ್ದಾರೆ. ಅವರಿಗೆಲ್ಲ ಒಮ್ಮೆ ಬಹಿರಂಗವಾಗಿ ಥ್ಯಾಂಕ್ಸ್ ಹೇಳಬೇಕು ಎಂದು ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕುತ್ತಿಲ್ಲ. ಕೆಲವರು ಇನ್ನೂ ಅದೇ ಕಚೇರಿಯಲ್ಲಿ ಕೆಲಸ ಮಾಡಬೇಕು ನೋಡಿ.

ನಡೆದದ್ದು ಇಷ್ಟು. ಮಾವ ಹಮಾಲಿ ಕೆಲಸ ಮಾಡುತ್ತಿದ್ದರು. ಅವರು ಹೋದ ಮೇಲೆ ಅತ್ತೆ ನಾಡಕಚೇರಿಯಲ್ಲಿ ನಿರ್ಗತಿಕ ವಿಧವಾ ವೇತನಕ್ಕೆ ಅರ್ಜಿ ಕೊಟ್ಟರು. ಮರಣ ಪ್ರಮಾಣಪತ್ರ, ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ, ಎಲ್ಲವೂ ಸರಿ ಇತ್ತು. ಸ್ವಲ್ಪ ದಿನಕ್ಕೆ ಒಂದು ಹಿಂಬರಹ ಬಂತು. "ಅರ್ಜಿದಾರರು ಅರ್ಹರಿರುವುದಿಲ್ಲ, ಅರ್ಜಿ ತಿರಸ್ಕರಿಸಲಾಗಿದೆ." ಕೆಳಗೆ ಸಹಿ, ಸೀಲು. ಯಾಕೆ ಅರ್ಹರಲ್ಲ ಎನ್ನುವುದು ಎಲ್ಲೂ ಇರಲಿಲ್ಲ.

ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡಿಸುವ 'ಸಕಾಲ' ವ್ಯವಸ್ಥೆಯಲ್ಲಿ ದೂರು ಕೊಡೋಣ ಎಂದು ಹೊರಟರೆ ಅಲ್ಲಿ ಇನ್ನೊಂದು ತಮಾಷೆ. 2012ರ ಏಪ್ರಿಲ್‌ನಲ್ಲಿ ಶುರುವಾದ ಸಕಾಲದಿಂದ ಎಷ್ಟೋ ಒಳ್ಳೆಯದಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದು ನೋಡುವುದು ಮುಖ್ಯವಾಗಿ ಗಡಿಯಾರವನ್ನು. ಅವಧಿಯೊಳಗೆ ಕೊಟ್ಟರೂ ವಿಲೇವಾರಿ, ಅವಧಿಯೊಳಗೆ ತಿರಸ್ಕರಿಸಿದರೂ ವಿಲೇವಾರಿ. ಆ ಲೆಕ್ಕದಲ್ಲಿ ಅತ್ತೆಯ ಕೆಲಸ ಅಚ್ಚುಕಟ್ಟಾಗಿ ಮುಗಿದುಹೋಗಿತ್ತು. ಕಚೇರಿಯ ಹೊರಗೆ ಟೀ ಕುಡಿಯುತ್ತಾ ನಿಂತಿದ್ದ ಒಬ್ಬರು ಮಾತ್ರ "ಮಾಡಿಸ್ಕೊಡೋಣ, ಸ್ವಲ್ಪ ಖರ್ಚಾಗುತ್ತೆ" ಅಂದರು. ಅವರಿಗೆ ಈ ಬರಹದಲ್ಲಿ ಕೃತಜ್ಞತೆ ಇಲ್ಲ.

ಮೊದಲ ಕೃತಜ್ಞತೆ ನಮ್ಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದ ಮೇಲ್ವಿಚಾರಕಿಗೆ. ಹಿಂಬರಹ ನೋಡಿ ಅವರು ಅಯ್ಯೋ ಪಾಪ ಅನ್ನಲಿಲ್ಲ. ಬೀರುವಿನಿಂದ ಮಾಹಿತಿ ಹಕ್ಕು ಕಾಯ್ದೆಯ ಕನ್ನಡ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಓದಿ ಮೇಷ್ಟ್ರ ಹತ್ತಿರ ಹೋಗಿ" ಎಂದು ನಿವೃತ್ತ ಹೈಸ್ಕೂಲ್ ಮೇಷ್ಟ್ರ ಮನೆಯ ದಾರಿ ತೋರಿಸಿದರು.

ಮೇಷ್ಟ್ರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ನಾನು ಸಿಟ್ಟಿನಲ್ಲಿ ಉದ್ದುದ್ದ ಮಾತಾಡುತ್ತಿದ್ದೆ. ಅವರು ಅರ್ಧಕ್ಕೆ ನಿಲ್ಲಿಸಿ, "ಯಾಕೆ ಕೊಡಲಿಲ್ಲ ಅಂತ ಕೇಳಬೇಡ, ಕಾಗದ ಕೇಳು" ಅಂದರು. ಮಾಹಿತಿ ಹಕ್ಕಿನ ಇಡೀ ಕಸುಬು ಆ ಮಾತಿನಲ್ಲಿದೆ ಎಂದು ನನಗೆ ಆಮೇಲೆ ಗೊತ್ತಾಯಿತು. ಕಚೇರಿಯಲ್ಲಿ ಇರುವ ದಾಖಲೆಯನ್ನು ಅಧಿಕಾರಿ ಕೊಡಬೇಕು. ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಿಲ್ಲ, ತನ್ನ ಅಭಿಪ್ರಾಯ ಹೇಳಬೇಕಿಲ್ಲ. 2011ರಲ್ಲಿ ಸಿಬಿಎಸ್‌ಇ ಉತ್ತರ ಪತ್ರಿಕೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಯಾಕೆ ಎಂದು ಕೇಳಿದರೆ "ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ" ಎಂದು ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದು. ಸ್ಥಳ ತನಿಖಾ ವರದಿಯ ಪ್ರತಿ ಕೊಡಿ ಎಂದು ಕೇಳಿದರೆ ಹಾಗೆ ಜಾರಿಕೊಳ್ಳುವುದು ಕಷ್ಟ. ಆ ವರದಿಯಲ್ಲೇ ಯಾಕೆ ಎನ್ನುವುದು ಕೂತಿರುತ್ತದೆ.

ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ ಮೇಲಿರಬೇಕು, 150 ಪದ ದಾಟಬಾರದು. ಮೇಷ್ಟ್ರು ಪದ ಎಣಿಸಿ ಬರೆಸಿದರು. ಅತ್ತೆಯ ಅರ್ಜಿ ಸಂಖ್ಯೆ ಹಾಕಿ, ಅದರ ಮೇಲೆ ಗ್ರಾಮ ಆಡಳಿತಾಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು) ಮತ್ತು ರಾಜಸ್ವ ನಿರೀಕ್ಷಕರು ಕೊಟ್ಟ ವರದಿಗಳ ದೃಢೀಕೃತ ಪ್ರತಿ ಕೇಳಿದೆವು. ಅಧಿಕಾರಿಗಳು ತಮ್ಮ ಅಭಿಪ್ರಾಯ ಬರೆದು ಸಹಿ ಹಾಕುವ, ಕಡತದ ಟಿಪ್ಪಣಿ ಹಾಳೆಗಳನ್ನು ಕೇಳಿದೆವು. ಯಾವ ಸರ್ಕಾರಿ ಆದೇಶದ ಯಾವ ಷರತ್ತಿನ ಮೇಲೆ ತಿರಸ್ಕರಿಸಿದರೋ ಆ ಆದೇಶದ ಪ್ರತಿ ಕೇಳಿದೆವು. ಕಡತವನ್ನು ಕಣ್ಣಾರೆ ನೋಡಲು ಅವಕಾಶ ಕೇಳಿದೆವು. ಕೊನೆಗೆ ಮೇಷ್ಟ್ರು ಇನ್ನೊಂದು ಸಾಲು ಸೇರಿಸಿದರು. ಕಾಯ್ದೆಯ 4(1)(ಡಿ) ಕಲಂ ಪ್ರಕಾರ, ಒಂದು ತೀರ್ಮಾನದಿಂದ ತೊಂದರೆಯಾದವರಿಗೆ ಅದರ ಕಾರಣವನ್ನು ಕಚೇರಿಯೇ ತಿಳಿಸಬೇಕು ಎಂದು ನೆನಪಿಸಿದರು.

ಅರ್ಜಿ ಅತ್ತೆಯ ಹೆಸರಿನಲ್ಲೇ ಹೋಯಿತು. ನನ್ನ ಹೆಸರಲ್ಲಿ ಹಾಕಿದ್ದರೆ "ಮೂರನೆಯವರ ವೈಯಕ್ತಿಕ ಮಾಹಿತಿ" ಎಂದು ತಳ್ಳಿಬಿಡಬಹುದಿತ್ತು. 2023ರ ಡೇಟಾ ರಕ್ಷಣಾ ಕಾಯ್ದೆ ಆ ಕಲಮನ್ನು ಇನ್ನಷ್ಟು ಬಿಗಿ ಮಾಡಿದೆ ಎಂದು ಮಾಹಿತಿ ಹಕ್ಕಿನವರೆಲ್ಲ ತಲೆ ಕೆಡಿಸಿಕೊಂಡಿದ್ದಾರೆ. ತನ್ನದೇ ಕಡತ ಕೇಳುವವರಿಗೆ ಆ ನೆಪ ಹೇಳಲು ಬರುವುದಿಲ್ಲ. ಮಾಮೂಲಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇರುವವರಿಗೆ ಅದೂ ಇಲ್ಲ. ಕೌಂಟರಿನಲ್ಲಿದ್ದವರು "ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಎಲ್ಲಿ?" ಅಂದಾಗ ಅತ್ತೆ ಪಡಿತರ ಚೀಟಿಯ ಜೆರಾಕ್ಸ್ ಮುಂದಿಟ್ಟು, "ಏಳು ಐದು" ಅಂದರು. ಮೇಷ್ಟ್ರು ಬಾಯಿಪಾಠ ಮಾಡಿಸಿ ಕಳಿಸಿದ್ದ ಕಲಂ ಸಂಖ್ಯೆ ಅದು. ಆ ಮನುಷ್ಯ ಒಂದು ಕ್ಷಣ ಸುಮ್ಮನಾಗಿ, ಸೀಲು ಹಾಕಿ ಸ್ವೀಕೃತಿ ಕೊಟ್ಟರು.

ಮೇಷ್ಟ್ರು ಮಾಡಿಸಿದ ಇನ್ನೊಂದು ಕೆಲಸವನ್ನು ಇಲ್ಲಿ ಒತ್ತಿ ಹೇಳಬೇಕು. ಮಾಹಿತಿ ಹಕ್ಕಿನಿಂದ ಕಾಗದ ಸಿಗುತ್ತದೆ, ಪಿಂಚಣಿ ಸಿಗುವುದಿಲ್ಲ. ಪಿಂಚಣಿಗೆ ತಿರಸ್ಕಾರದ ವಿರುದ್ಧ ಬೇರೆಯೇ ಮೇಲ್ಮನವಿ ಹಾಕಬೇಕು, ಅದು ಉಪವಿಭಾಗಾಧಿಕಾರಿಗಳ ಮುಂದೆ. ಮೊದಲು ಕಾಗದ ಬರಲಿ, ಆಮೇಲೆ ನೋಡೋಣ ಎಂದು ಕೂತರೆ ಸಮಯ ಹೋಗುತ್ತದೆ. ಅವರು ಎರಡನ್ನೂ ಒಟ್ಟಿಗೆ ಹಾಕಿಸಿದರು. "ದಾಖಲೆ ಕೇಳಿದ್ದೇವೆ, ಬಂದ ಕೂಡಲೇ ಸಲ್ಲಿಸುತ್ತೇವೆ" ಎಂದು ಮೇಲ್ಮನವಿಯಲ್ಲೇ ಬರೆದಿದ್ದೆವು.

30 ದಿನ ಕಳೆಯಿತು, ಉತ್ತರ ಬರಲಿಲ್ಲ. ಉತ್ತರ ಬರದಿದ್ದರೆ ನಿರಾಕರಿಸಿದಂತೆಯೇ ಎಂದು ಕಾಯ್ದೆ ಹೇಳುತ್ತದೆ. ಮಾಹಿತಿ ಹಕ್ಕಿನ ಪ್ರಥಮ ಮೇಲ್ಮನವಿ ಹಾಕಿದೆವು. ಅದಕ್ಕೆ ನಮ್ಮಲ್ಲಿ ಶುಲ್ಕವೇನೂ ಕೇಳಲಿಲ್ಲ. ಅದರ ನಂತರವೂ ಸಿಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಹೋಗಬಹುದು. ಆಯೋಗ ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಹಾಕಬಹುದು, ಅದೂ ಅವರ ಸ್ವಂತ ಜೇಬಿನಿಂದ. ನಾವು ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮೇಲ್ಮನವಿಯ ನೋಟಿಸ್ ಹೋದ ಮೇಲೆ ಕಚೇರಿಯಿಂದ ಫೋನ್ ಬಂತು. ಬಂದು ಕಡತ ನೋಡಿಕೊಳ್ಳಿ ಎಂದರು. ಅವಧಿ ಮೀರಿದ್ದರಿಂದ ಪ್ರತಿಗಳೂ ಪುಕ್ಕಟೆ.

ಅಲ್ಲಿ ಸಿಕ್ಕವರು ನಾನು ಥ್ಯಾಂಕ್ಸ್ ಹೇಳಲೇಬೇಕಾದ ಒಬ್ಬ ವಿಷಯ ನಿರ್ವಾಹಕಿ, ಅಂದರೆ ಈ ಕಡತಗಳನ್ನು ನೋಡಿಕೊಳ್ಳುವ ಸಿಬ್ಬಂದಿ. ಹೊಸದಾಗಿ ವರ್ಗವಾಗಿ ಬಂದವರು. ಅತ್ತೆಯನ್ನು ಕುರ್ಚಿ ಕೊಟ್ಟು ಕೂರಿಸಿದರು. ಕಡತ ಬಿಚ್ಚಿ ಒಂದೊಂದೇ ಹಾಳೆ ತಿರುಗಿಸುತ್ತಾ ಗಟ್ಟಿಯಾಗಿ ಓದಿದರು, ಯಾಕೆಂದರೆ ಅತ್ತೆಗೆ ಓದಲು ಬರುವುದಿಲ್ಲ. ಸ್ಥಳ ತನಿಖಾ ವರದಿಯಲ್ಲಿ ಹೀಗಿತ್ತು: ಅರ್ಜಿದಾರರ ಹೆಸರಿನಲ್ಲಿ ಖುಷ್ಕಿ ಜಮೀನಿದೆ, ಅದರ ಆದಾಯ ವಾರ್ಷಿಕ ಮಿತಿಯಾದ 32,000 ರೂಪಾಯಿಗಿಂತ ಜಾಸ್ತಿ. ಜೊತೆಗೆ ಒಂದು ಪಹಣಿ ಪ್ರತಿ. ಅತ್ತೆ ಕೇಳಿ ಜೋರಾಗಿ ನಕ್ಕುಬಿಟ್ಟರು. ಅವರ ಹೆಸರಿನಲ್ಲಿ ಹಿತ್ತಲಿನ ನುಗ್ಗೆ ಮರ ಬಿಟ್ಟರೆ ಇನ್ನೇನಿಲ್ಲ.

ಆ ವಿಷಯ ನಿರ್ವಾಹಕಿ ಪಹಣಿಯ ಮೇಲೆ ಬೆರಳಿಟ್ಟು, "ನಿಮ್ಮ ಯಜಮಾನರ ಹೆಸರು ಏನು?" ಎಂದರು. ಅತ್ತೆ ಹೇಳಿದರು. ಪಹಣಿಯಲ್ಲಿ ಕೋಂ (ಇಂಥವರ ಹೆಂಡತಿ) ಎಂದು ಬರೆದು ಮುಂದೆ ಇದ್ದದ್ದು ಬೇರೆ ಗಂಡನ ಹೆಸರು. ಅತ್ತೆಯದೇ ಹೆಸರಿನ ಇನ್ನೊಬ್ಬ ಹೆಂಗಸು, ಪಕ್ಕದ ಹಳ್ಳಿಯವರು. ಹೆಸರು ಹಾಕಿ ಹುಡುಕಿದ್ದಾರೆ, ಮೊದಲು ಸಿಕ್ಕ ಪಹಣಿಯನ್ನು ಪ್ರಿಂಟ್ ತೆಗೆದು ಲಗತ್ತಿಸಿದ್ದಾರೆ. ತಮಾಷೆಯೆಂದರೆ, ಅತ್ತೆಯ ಆದಾಯ ಮಿತಿಯೊಳಗೇ ಇದೆ ಎಂದು ಪ್ರಮಾಣಪತ್ರ ಕೊಟ್ಟದ್ದೂ ಅದೇ ನಾಡಕಚೇರಿ. ಎರಡೂ ಕಾಗದ ಒಂದೇ ಕಡತದಲ್ಲಿ, ಒಂದರ ಹಿಂದೆ ಒಂದು ಕೂತಿದ್ದವು. ಟಿಪ್ಪಣಿ ಹಾಳೆಯಲ್ಲಿ ಮೂರು ಸಹಿಗಳಿದ್ದವು. ಮೂವರಲ್ಲಿ ಒಬ್ಬರಾದರೂ ಹಾಳೆ ತಿರುಗಿಸಿದ್ದರೆ ಸಾಕಿತ್ತು, ಅಲ್ವಾ?

ಆಕೆ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಟಿಪ್ಪಣಿ ಹಾಳೆಗೂ ದೃಢೀಕೃತ ಸೀಲು ಹಾಕಿಸಿಕೊಳ್ಳಿ. ಮೇಲ್ಮನವಿಯಲ್ಲಿ ನಿಮಗೆ ಕೆಲಸಕ್ಕೆ ಬರುವುದು ಅದೇ" ಎಂದು ತಾವೇ ಹೇಳಿದರು. ಮಾಹಿತಿ ಹಕ್ಕು ಎಂದರೆ ಅಧಿಕಾರಿಗಳ ಮೇಲೆ ಯುದ್ಧ ಎಂದುಕೊಂಡವರು ಇಂಥವರನ್ನು ನೋಡಬೇಕು. ಕಡತದಲ್ಲಿ ತಪ್ಪು ಇದೆ ಎಂದು ಒಳಗಿನವರಿಗೇ ಎಷ್ಟೋ ಸಲ ಗೊತ್ತಿರುತ್ತದೆ. ಅದನ್ನು ಎತ್ತಿ ತೋರಿಸಲು ಅವರಿಗೂ ಹೊರಗಿನಿಂದ ಒಂದು ಅರ್ಜಿ ಬೇಕಾಗಿರುತ್ತದೆ. ನಮ್ಮ ತಾಲ್ಲೂಕಿನಲ್ಲಿ ಈ ಕಾಯ್ದೆಯ ಹೆಸರು ಹೇಳಿಕೊಂಡು ವಸೂಲಿ ಮಾಡುವವರೂ ಇದ್ದಾರೆ. ಅವರಿಂದಾಗಿ ನಿಜವಾದ ಅರ್ಜಿದಾರರನ್ನೂ ಅನುಮಾನದಿಂದ ನೋಡುತ್ತಾರೆ. ಈಕೆ ಹಾಗೆ ನೋಡಲಿಲ್ಲ.

ಮುಂದಿನದು ಬೇಗ ಆಯಿತು. ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಪಹಣಿ, ಮಾವನ ಮರಣ ಪ್ರಮಾಣಪತ್ರ, ಎರಡನ್ನೂ ಪಕ್ಕಪಕ್ಕ ಇಟ್ಟೆವು. ಮರುಪರಿಶೀಲನೆಗೆ ಆದೇಶವಾಯಿತು. ಹೊಸ ಗ್ರಾಮ ಆಡಳಿತಾಧಿಕಾರಿ ಮನೆಗೇ ಬಂದು, ಜಗಲಿಯ ಮೇಲೆ ಕೂತು, ಅಕ್ಕಪಕ್ಕದವರನ್ನು ಕರೆದು ಮಹಜರು ಬರೆದರು. ಸಹಿ ಹಾಕಿದ ಕೇರಿಯವರಿಗೆಲ್ಲ ನಮಸ್ಕಾರ. ಅವತ್ತು ಕೂಲಿ ಬಿಟ್ಟು ನಿಂತಿದ್ದಿರಿ.

ಮತ್ತೆ ಅದೇ ಹೆಸರಿನ ಆ ಇನ್ನೊಬ್ಬರು. ಅವರು ಬರಬೇಕಿರಲಿಲ್ಲ. ಸುದ್ದಿ ಕೇಳಿ ತಾವಾಗಿಯೇ ಬಸ್ಸು ಹತ್ತಿ ಬಂದರು. ಈ ಜಮೀನು ನನ್ನದು, ಈಕೆಗೂ ನನಗೂ ಸಂಬಂಧವಿಲ್ಲ ಎಂದು ಹೇಳಿಕೆ ಬರೆಸಿ ಹೆಬ್ಬೆಟ್ಟು ಒತ್ತಿದರು. ಹೋಗುವಾಗ ಅತ್ತೆಯ ಕೈ ಹಿಡಿದು, "ನನ್ನ ಹೊಲದಲ್ಲಿ ಮೂರು ವರ್ಷದಿಂದ ನೆಟ್ಟಗೆ ರಾಗಿ ಆಗಿಲ್ಲ, ನಿನ್ನ ಪಿಂಚಣಿ ಬೇರೆ ತಿಂದು ಕೂತಿತ್ತು" ಅಂದರು. ಈಗ ಇಬ್ಬರೂ ಗೆಳತಿಯರು. ಸಂತೆಯಲ್ಲಿ ಸಿಕ್ಕರೆ ನಮಗೆ ಮನೆಗೆ ಹೊತ್ತಾಗುವುದು ಗ್ಯಾರಂಟಿ.

ದೂರದವರಿಗೂ ಎರಡು ಮಾತು ಸಲ್ಲಬೇಕು. 1990ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಕಟ್ಟಿದ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮತ್ತು ಅವರ ಜೊತೆಗಿದ್ದ ಕೂಲಿಕಾರರು. ಬರಗಾಲದ ಕಾಮಗಾರಿಗಳಲ್ಲಿ ಪೂರ್ತಿ ಕೂಲಿ ಸಿಗದಾಗ ಅವರು ಕೇಳಿದ್ದು ಮಸ್ಟರ್ ರೋಲ್, ಅಂದರೆ ಕೂಲಿಕಾರರ ಹಾಜರಿ ಪಟ್ಟಿ, ತೋರಿಸಿ ಎಂದು. ಸತ್ತವರ ಹೆಸರಿನಲ್ಲೂ ಕೂಲಿ ಬರೆದದ್ದು ಬಯಲಾದದ್ದು ಹಾಗೆ. ಇಂಥ ದಾಖಲೆ ನೋಡುವ ಹಕ್ಕಿಗಾಗಿ 1996ರಲ್ಲಿ ಅಲ್ಲಿನ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತರು. ನಮ್ಮ ಮೇಷ್ಟ್ರು "ಕಾಗದ ಕೇಳು" ಅಂದದ್ದು ಅಲ್ಲಿಂದ ಬಂದ ಬುದ್ಧಿ. ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ, 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತ್ತು. ಕೇಂದ್ರದ ಈಗಿನ ಕಾಯ್ದೆ ಪೂರ್ಣವಾಗಿ ಜಾರಿಗೆ ಬಂದದ್ದು 2005ರ ಅಕ್ಟೋಬರ್ 12ಕ್ಕೆ. ಮಾರನೇ ವರ್ಷವೇ ಟಿಪ್ಪಣಿ ಹಾಳೆಗಳನ್ನು ಇದರಿಂದ ಹೊರಗಿಡಲು ಕೇಂದ್ರ ಸರ್ಕಾರ ಹೊರಟಿತ್ತು. ಜನ ಬೀದಿಗಿಳಿದು ಅದನ್ನು ನಿಲ್ಲಿಸಿದರು. ಅವತ್ತು ಅವರು ಸುಮ್ಮನಿದ್ದಿದ್ದರೆ ಆ ಮೂರು ಸಹಿಗಳನ್ನು ನಾವು ನೋಡುವ ಹಾಗೇ ಇರಲಿಲ್ಲ.

ಪುಣೆ ಹತ್ತಿರದ ತಳೇಗಾಂವ್‌ನ ಸತೀಶ್ ಶೆಟ್ಟಿ, ಗುಜರಾತಿನ ಅಮಿತ್ ಜೇಠ್ವಾ. ಇಬ್ಬರೂ ಮಾಹಿತಿ ಹಕ್ಕಿನಲ್ಲಿ ದೊಡ್ಡವರ ಕಡತಗಳಿಗೆ ಕೈ ಹಾಕಿದವರು, 2010ರಲ್ಲಿ ಕೊಲೆಯಾದವರು. ನಮ್ಮದು ಸಣ್ಣ ಕಡತ, ನಮಗೆ ಯಾವ ಭಯವೂ ಇರಲಿಲ್ಲ. ಆದರೂ ಆ ಇಬ್ಬರ ಹೆಸರು ಹೇಳದೆ ಈ ಬರಹ ಮುಗಿಸಲು ಮನಸ್ಸಾಗಲಿಲ್ಲ.

ಒಂದು ಬೇಸರ ಉಳಿದಿದೆ, ಮುಚ್ಚಿಡುವುದಿಲ್ಲ. ವೇತನ ಮಂಜೂರಾತಿ ಆದೇಶದ ನಂತರದ ತಿಂಗಳುಗಳಿಗೆ ಮಾತ್ರ. ತಪ್ಪು ಕಚೇರಿಯದ್ದೇ ಎಂದು ಕಡತವೇ ಹೇಳಿದರೂ ಹಿಂದಿನ ತಿಂಗಳುಗಳದ್ದು ಬರಲಿಲ್ಲ. ಕೇಂದ್ರದ ವಿಧವಾ ಪಿಂಚಣಿಯ ಪಾಲು 2012ರಿಂದ 300 ರೂಪಾಯಿಯಲ್ಲೇ ನಿಂತಿದೆ ಎಂದು ಮೇಷ್ಟ್ರು ಆಗಾಗ ಗೊಣಗುತ್ತಾರೆ. ಅದಕ್ಕೆ ಯಾವ ಅರ್ಜಿ ಹಾಕಬೇಕೋ ಅವರೇ ಹೇಳಬೇಕು.

ಮೇಷ್ಟ್ರಿಗೆ ಅತ್ತೆ ಮೊದಲ ಕಂತಿನಲ್ಲಿ ಒಂದು ಟವೆಲ್ ತಂದು ಕೊಟ್ಟರು. ಅವರು ಬೇಡವೇ ಬೇಡ ಎಂದು ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಹೆಗಲಿಗೆ ಹಾಕಿಕೊಂಡರು.

ನಮ್ಮ ಅರ್ಜಿಯ ಪ್ರತಿಯನ್ನು, ಹೆಸರು ವಿಳಾಸ ಅಳಿಸಿ, ಅರಿವು ಕೇಂದ್ರದಲ್ಲಿ ಇಟ್ಟಿದ್ದೇವೆ. ಪ್ರಥಮ ಮೇಲ್ಮನವಿಯದ್ದೂ ಇದೆ. ಯಾರದಾದರೂ ಸಂಧ್ಯಾ ಸುರಕ್ಷಾ, ಅಂಗವಿಕಲ ವೇತನ, ಪಡಿತರ ಚೀಟಿ ಹೀಗೇ ಒಂದು ಸಾಲಿನ ಹಿಂಬರಹದಲ್ಲಿ ನಿಂತಿದ್ದರೆ ಬಂದು ತೆಗೆದುಕೊಳ್ಳಿ. ಬರೆಯಲು ಬರದವರು ಸಂಜೆ ಐದರ ಮೇಲೆ ಬನ್ನಿ, ನಾನು ಇರುತ್ತೇನೆ. ಜೆರಾಕ್ಸ್ ದುಡ್ಡು ಮಾತ್ರ ನಿಮ್ಮದು.